ಸರಪಳಿಯ ಮೇಲೊಂದು ಪತ್ತಿನ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಯರಗಟ್ಟಿಯಲ್ಲಿ ಜರುಗಿದ ಸದಸ್ಯರ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



 ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ ‘ಬ್ಲಾಕ್‌ಚೈನ್ ಮತ್ತು ಪತ್ತಿನ ವ್ಯವಹಾರ’ ಎಂದು ಅಚ್ಚಾಗಿದೆ. ಅದನ್ನು ನೋಡಿ ನಮ್ಮ ಮನೆಯವರೇ ನಕ್ಕರು. ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ಮುಗಿದದ್ದು. ಅಲ್ಲಿಂದ ಮುಂದೆ ಕಬ್ಬು, ಗೋವಿನಜೋಳ, ಕಡಲೆ, ಇವೇ ನಮ್ಮ ಕಾಲೇಜು. ಆದರೂ ಈ ವಿಷಯ ನಾವೇ ಕೇಳಿ ತಗೊಂಡಿದ್ದು. ಯಾಕಂದ್ರ ಕಳೆದ ಒಂದು ವರ್ಷ ಆಡಳಿತ ಮಂಡಳಿಯಲ್ಲಿ ಇದರ ಮೇಲೆ ಬಹಳ ಜಗಳ ಆಗೇತಿ. ಆ ಜಗಳದಾಗ ಏನು ತೀರ್ಮಾನ ಆತು ಅನ್ನೋದು ಸದಸ್ಯರಿಗೆ ಗೊತ್ತಾಗಬೇಕು. ದುಡ್ಡು ನಿಮ್ಮದು.

ನಡೆದದ್ದು ಹೀಗೆ. ನಮ್ಮ ಸದಸ್ಯರೊಬ್ಬರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಊರಿಗೆ ಬಂದವನು ಪಾಡ್ಯದ ದಿನ ನಮ್ಮ ಕಟ್ಟಿಗೆ ಬಂದು ಕುಂತ. “ಕಾಕಾ, ನಿಮ್ಮ ಸಂಘ ಇನ್ನೂ ಹಳೇ ಕಾಲದಾಗ ಐತಿ. ಈಗಾಗಲೇ ನಡದಿರೋ ಬ್ಲಾಕ್‌ಚೈನ್ ಮ್ಯಾಲೆ ನಮ್ಮದ ಒಂದು ಪತ್ತಿನ ವ್ಯವಸ್ಥಾ ಕಟ್ಟೂಣು. ಇಟ್ಟಾವರಿಗೆ ಬಡ್ಡಿ ತಾನ ಹೋಗತೈತಿ. ಸಾಲದ ಬಡ್ಡಿ ತಾನ ಏರತೈತಿ. ಒತ್ತಿ ಇಟ್ಟ ಮಾಲಿನ ಕಿಮ್ಮತ್ತು ಕುಸೀತಂದ್ರ ತಾನ ಲಿಲಾವ ಆಗತೈತಿ. ಕಾರ್ಯದರ್ಶಿ ಬ್ಯಾಡ, ಮಂಡಳಿ ಬ್ಯಾಡ. ಇದಕ್ಕ ಡಿಫೈ ಅಂತಾರ” ಎಂದ. ಮಂಡಳಿ ಬ್ಯಾಡ ಅಂದ ಕೂಡಲೆ ನಮಗೆ ಸಿಟ್ಟು ಬಂತು, ಸುಳ್ಳು ಯಾಕ ಹೇಳೂದು. ಚಹಾ ಕುಡಿಸಿ ಕಳಿಸಿಬಿಡುವ ವಿಚಾರದಲ್ಲೇ ಇದ್ದೆವು. ಆದರೆ ಎದ್ದು ಹೋಗುವಾಗ ಅವನು ಇನ್ನೊಂದು ಮಾತು ಅಂದ: “ಅದರ ಕಿರ್ದಿ ಯಾರಿಗೂ ತಿದ್ದಾಕ ಬರೂದಿಲ್ಲ ಕಾಕಾ.” ಅಲ್ಲಿ ನಾವು ಅವನನ್ನು ನಿಲ್ಲಿಸಿದೆವು.

ಯಾಕೆ ನಿಲ್ಲಿಸಿದೆವು ಎಂದರೆ, ನಾವು ಏಳನೇ ಇಯತ್ತೆ ಇದ್ದಾಗಿನ ಮಾತು. ಆಗ ನಮ್ಮ ಈ ಸಂಘ ಇನ್ನೂ ಹುಟ್ಟಿರಲಿಲ್ಲ. ನಮ್ಮ ತಂದೆಯವರು ಬೇರೊಂದು ಕಡೆ ಸಾಲ ಮಾಡಿದ್ದರು. ಕಡಲೆ ಮಾರಿ ಸಾಲ ಮುಟ್ಟಿಸಿ ಬಂದರು. ಎರಡು ವರ್ಷದ ಮೇಲೆ ಬಾಕಿ ಐತಿ ಎಂದು ನೋಟೀಸು ಬಂತು. ಹೋಗಿ ನೋಡಿದರೆ ಖತಾವಣಿಯ ಆ ಸಾಲು ಬ್ಲೇಡಿನಿಂದ ಕೆರೆದು ಮತ್ತೆ ಬರೆದದ್ದು. ಕಾಗದ ಬೆಳಕಿಗೆ ಹಿಡಿದರೆ ತೂತು ಕಾಣುವಷ್ಟು ತೆಳುವಾಗಿತ್ತು. ಬರೆದವರು ಆಗಲೇ ಅಲ್ಲಿಂದ ಹೋಗಿಯಾಗಿತ್ತು. ರಸೀದಿ ಮಳೆಗೆ ನೆನೆದು ಹಾಳಾಗಿತ್ತು. ತಂದೆಯವರು ಒಂದು ಎತ್ತು ಮಾರಿ ಅದೇ ಸಾಲವನ್ನು ಎರಡನೇ ಸಲ ಮುಟ್ಟಿಸಿದರು. ಆ ವರ್ಷ ಬಿತ್ತಲಿಕ್ಕೆ ನೆರೆಮನೆಯವರ ಎತ್ತು ಕೇಳಿ ಜೋಡಿ ಮಾಡಿಕೊಂಡೆವು.

ಹಿಂಗಾಗಿ ತಿದ್ದಲು ಬಾರದ ಕಿರ್ದಿ ಅಂದರೆ ನಮಗೆ ಚೇಷ್ಟೆಯ ಮಾತಲ್ಲ. ಹುಡುಗ ತನ್ನ ಲ್ಯಾಪ್‌ಟಾಪ್ ತೆರೆದು “ಸಾಲ ಜಮಾ 25,000” ಎಂದು ಬರೆದ. ಯಂತ್ರ ಅದನ್ನು ಅರೆದು 64 ಅಕ್ಷರ-ಅಂಕಿಗಳ ಒಂದು ಗುರುತು ಕೊಟ್ಟಿತು. 25ರ ಜಾಗದಲ್ಲಿ 26 ಹಾಕಿದ. ಪೂರಾ 64ರ ಸಾಲು ಗುರುತು ಸಿಗದಂತೆ ಬದಲಾತು. ಬ್ಲಾಕ್‌ಚೈನ್ ಎಂದರೆ ಇಷ್ಟೇ ನೋಡ್ರಿ: ಕಿರ್ದಿಯ ಪ್ರತಿ ಹಾಳೆಯ ತಲೆಯ ಮೇಲೆ ಹಿಂದಿನ ಹಾಳೆಯ ಗುರುತು ಬರೆದಿರುತ್ತದೆ. ಹಳೆಯ ಹಾಳೆಯಲ್ಲಿ ಒಂದು ಸೊನ್ನೆ ತಿದ್ದಿದರೂ ಅಲ್ಲಿಂದ ಈಚೆಗಿನ ಎಲ್ಲ ಹಾಳೆಗಳ ಗುರುತು ತಪ್ಪುತ್ತದೆ. ಅಂಥ ಕಿರ್ದಿಯ ನಕಲು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ, ಬ್ಲೇಡು ಹಿಡಿದವನು ಎಷ್ಟು ಮನೆಗೆ ಹೋಗಿ ಕೆರೆದಾನು? 2009ರಲ್ಲಿ ಬಿಟ್‌ಕಾಯಿನ್ ಈ ರೀತಿ ಶುರುವಾಯಿತು. 2015ರ ಜುಲೈ 30ರಂದು ಎಥೀರಿಯಂ ಎಂಬ ಎರಡನೇ ತರಹದ ಸರಪಳಿ ಬಂತು. ಇದರಲ್ಲಿ ಜಮಾ-ಖರ್ಚು ಅಷ್ಟೇ ಅಲ್ಲ, ಠರಾವುಗಳನ್ನೂ ಬರೆದಿಡಬಹುದು. ಬರೆದ ಠರಾವು ಯಾರ ಸಹಿಗೂ ಕಾಯದೆ ತಾನೇ ಜಾರಿಯಾಗುತ್ತದೆ. ಇದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ.

ಇನ್ನು ‘ಮೇಲೆ ಕಟ್ಟುವುದು’ ಎಂದರೇನು? ಅದು ನಮಗೆ ಹೊಸದಲ್ಲ. ಮೊದಲು ಉತಾರ ಬೇಕಾದರೆ ಕೈಬರಹದ ದಫ್ತರ ಹುಡುಕಬೇಕಾಗಿತ್ತು. 2000ದಿಂದ ಈಚೆಗೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಕಂಪ್ಯೂಟರಿಗೆ ಬಂದವು. ಆ ತಳಪಾಯ ಆದ ಮೇಲೆ ಅದರ ಮೇಲೆ ಬ್ಯಾಂಕಿನವರು ಬೋಜಾ ಏರಿಸುವುದು, ಬೆಳೆ ಸಾಲ, ಪರಿಹಾರ, ಎಲ್ಲಾ ಕಟ್ಟಿಕೊಂಡರು. ಯಾರೂ ಮತ್ತೆ ಹೊಲ ಅಳೆಯಲಿಲ್ಲ. ಡಿಫೈ ಕಟ್ಟುವವರೂ ಹಾಗೆಯೇ. ತಮ್ಮದೇ ಸರಪಳಿ ಮಾಡುವ ಖಟಪಟಿ ಬೇಡವೆಂದು ಎಥೀರಿಯಂ ಮೇಲೆ ಮಾಳಿಗೆ ಏರಿಸುತ್ತಾರೆ. ಒಬ್ಬನು ಸಾಲದ ಮಾಳಿಗೆ ಕಟ್ಟಿದರೆ ಇನ್ನೊಬ್ಬನು ನಾಣ್ಯ ಬದಲಾಯಿಸುವ ಮಾಳಿಗೆ, ಅವೆರಡರ ಮೇಲೆ ಮೂರನೆಯವನು.

ತಳಪಾಯಕ್ಕೆ ಬಾಡಿಗೆ ಉಂಟು. ಪ್ರತಿ ಬರಹಕ್ಕೂ ಶುಲ್ಕ. ಮಂದಿ ಹೆಚ್ಚಾದಾಗ ಶುಲ್ಕ ಏರುತ್ತದೆ. 2021ರಲ್ಲಿ ಕೆಲವು ದಿನ ಒಂದು ವ್ಯವಹಾರಕ್ಕೆ ಸಾವಿರಾರು ರೂಪಾಯಿ ಆಗಿತ್ತು, ನೀವು 500 ಕಳಿಸಿದರೂ ಅಷ್ಟೇ, 5 ಕೋಟಿ ಕಳಿಸಿದರೂ ಅಷ್ಟೇ. ನಮ್ಮಂಥವರಿಗೆ ಅದು ಹೊಂದೂದಿಲ್ಲ. ಈ ತೊಂದರೆ ಪರಿಹರಿಸಲು 2017ರಲ್ಲಿ ನಮ್ಮ ದೇಶದ ಹುಡುಗರೇ, ಜಯಂತಿ ಕಾನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಎಂಬವರು, ಮ್ಯಾಟಿಕ್ ಎಂಬುದನ್ನು ಆರಂಭಿಸಿದರು. ಮುಂದೆ ಅದಕ್ಕೆ ಪಾಲಿಗಾನ್ ಎಂದು ಹೆಸರಾಯಿತು. ಶಾಖೆಯವರು ತಮ್ಮ ಕಿರ್ದಿ ತಾವೇ ಬರೆದು ಮುಖ್ಯ ಕಚೇರಿಗೆ ಗೋಷ್ವಾರೆ ಕಳಿಸಿದಂತೆ ಅದರ ಕೆಲಸ.

ತಳಪಾಯ ಕುಸಿದರೆ ಮಾಳಿಗೆಯ ಗತಿ ಏನು ಎಂಬುದಕ್ಕೂ ಒಂದು ಸಂಗತಿ ನಡೆದುಹೋಗಿದೆ. ಟೆರ್ರಾ ಎಂಬ ಇನ್ನೊಂದು ಸರಪಳಿಯ ಮೇಲೆ ಆ್ಯಂಕರ್ ಎಂಬ ಠೇವಣಿಯ ಮಾಳಿಗೆ ಇತ್ತು. ವರ್ಷಕ್ಕೆ ಶೇ. 20ರ ಹತ್ತಿರ ಬಡ್ಡಿ! ಯಾವಾಗಲೂ ಒಂದು ಡಾಲರಿಗೆ ಸಮ ಇರುತ್ತದೆ ಎಂದಿದ್ದ ಅದರ ನಾಣ್ಯ 2022ರ ಮೇ ತಿಂಗಳಲ್ಲಿ ಕೆಲವೇ ದಿನದಲ್ಲಿ ನೆಲ ಕಚ್ಚಿತು. ಸುಮಾರು 4,000 ಕೋಟಿ ಡಾಲರ್ ಮಾಯವಾಯಿತು. ಅದರಾಗ ನಮ್ಮ ಕಡೆಯ ಒಬ್ಬ ಹುಡುಗನ ಕಬ್ಬಿನ ಬಿಲ್ಲಿನ ರೊಕ್ಕವೂ ಇತ್ತು. ಅವನು ಈ ಸಭೆಯಲ್ಲಿ ಕುಂತಿದ್ದರೆ ಬೇಸರ ಮಾಡಿಕೊಳ್ಳಬಾರದು. ಶೇ. 20ಕ್ಕೆ ನಾವೂ ಬಾಯಿ ಬಿಡುತ್ತಿದ್ದೆವು, ಮೊಬೈಲ್ ಒತ್ತಲು ಬರುತ್ತಿರಲಿಲ್ಲ ಅಷ್ಟೇ.

ಈಗ ಸಾಲದ ಮಾತಿಗೆ ಬರುತ್ತೇವೆ. ಎಥೀರಿಯಂ ಮೇಲೆ ಮೊದಮೊದಲು ಕಟ್ಟಿದ ದೊಡ್ಡ ಸಾಲದ ವ್ಯವಸ್ಥೆ ಮೇಕರ್‌ಡಾವೊ. 2017ರ ಡಿಸೆಂಬರಿನಲ್ಲಿ ಅವರು ಡಾಯ್ ಎಂಬ ನಾಣ್ಯ ತಂದರು. ಅಲ್ಲಿ 100 ಡಾಲರಿನ ಸಾಲ ಬೇಕಾದರೆ ಕನಿಷ್ಠ 150 ಡಾಲರ್ ಬೆಲೆಯ ಈಥರ್ ಒತ್ತೆ ಇಡಬೇಕಿತ್ತು. ನಾವು ಹುಡುಗನಿಗೆ ಕೇಳಿದೆವು: “ತಮ್ಮಾ, 150 ಇದ್ದಾಂವ 100ರ ಸಾಲಕ್ಕ ಯಾಕ ಬರತಾನು?” ಅವನು ನಕ್ಕು, “ವ್ಯಾಪಾರ ಮಾಡಾವರು ಬರತಾರ ಕಾಕಾ, ಬಂಗಾರ ಮಾರಲಾರದ ಒತ್ತಿ ಇಟ್ಟಂಗ” ಎಂದ. ಅದು ಒಪ್ಪುವ ಮಾತು. ಬಂಗಾರದ ಸಾಲ ನಮ್ಮಲ್ಲೂ ಐತಿ. ಆದರೆ ಏನೂ ಇಲ್ಲದವನು? ಲಾವಣಿ ಹೊಲ ಮಾಡುವವನು? “ಅಂವ ಯಾರು ಅಂತ ಸರಪಳಿಗೆ ಗೊತ್ತ ಇಲ್ಲಲ್ಲ ಕಾಕಾ” ಎಂದು ಸುಮ್ಮನಾದ.

ನೋಡ್ರಿ, ಅಲ್ಲಿಗೆ ನಮಗೆ ಕಣಗಿನಹಾಳ ನೆನಪಾತು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದು, 1905ರಲ್ಲಿ ಗದಗ ಹತ್ತಿರದ ಆ ಸಣ್ಣ ಊರಿನಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದು ಆಗ ಧಾರವಾಡ ಜಿಲ್ಲೆ, ನಮಗೇನು ದೂರದ ಸೀಮೆಯಲ್ಲ. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಮಿತ ಹೊಣೆಗಾರಿಕೆ ಇತ್ತು. ಅಂದರೆ ಒಬ್ಬ ಮುಳುಗಿಸಿದರೆ ಎಲ್ಲರೂ ತುಂಬಿಕೊಡಬೇಕು. ಅದಕ್ಕೇ ಸಾಲ ಕೊಡುವಾಗ ಅವನು ದುಡಿಯುವವನೋ ಅಲ್ಲವೋ, ಮನೆ ಹೆಂಗ ನಡೆಸತಾನ, ಹೋದ ವರ್ಷ ಅಡತಿ ಅಂಗಡಿಯವರಿಗೆ ಮಾತು ಉಳಿಸಿಕೊಂಡನೋ ಇಲ್ಲೋ ಎಂದು ಮಂದಿ ಕುಂತು ವಿಚಾರ ಮಾಡುತ್ತಿದ್ದರು. ಒತ್ತೆ ಇಲ್ಲದವನಿಗೆ ಗುಣವೇ ಒತ್ತೆ. ಪತ್ತು ಅನ್ನುವ ಶಬ್ದದ ಅರ್ಥವೇ ಅದು. ಡಿಫೈಯವರು ಕಿರ್ದಿಯನ್ನು ಚಲೋ ಮಾಡಿದ್ದಾರೆ, ಪತ್ತನ್ನು ಮಾತ್ರ ಹೊರಗೇ ಬಿಟ್ಟಿದ್ದಾರೆ.

ಲಿಲಾವಿನ ವಿಷಯ ಕೇಳ್ರಿ. 2020ರ ಮಾರ್ಚ್ 12, ಗುರುವಾರ. ಕೊರೊನಾ ಭಯಕ್ಕೆ ಜಗತ್ತಿನ ಪೇಟೆಗಳೆಲ್ಲ ಕುಸಿದಿದ್ದವು. ಈಥರಿನ ಬೆಲೆ ಒಂದೇ ದಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಮೇಕರಿನ ಠರಾವು ತನ್ನ ಕೆಲಸ ತಾನು ಮಾಡಿತು. ಒತ್ತೆ ಕಡಿಮೆಯಾದವರ ಮಾಲನ್ನೆಲ್ಲ ಸವಾಲಿಗೆ ಹಾಕಿತು. ಆದರೆ ಸರಪಳಿಯ ಮೇಲೆ ಗದ್ದಲವಾಗಿ ಶುಲ್ಕ ಏರಿದ್ದರಿಂದ ಸವಾಲು ಕೂಗುವವರ ಕೂಗೇ ಒಳಗೆ ಹೋಗಲಿಲ್ಲ. ಹೋದ ಒಬ್ಬಿಬ್ಬರು ಸೊನ್ನೆ ಎಂದು ಕೂಗಿದರು. ಸೊನ್ನೆಗೇ ಸವಾಲು ಮುರಿಯಿತು! 80 ಲಕ್ಷ ಡಾಲರಿಗೂ ಮಿಕ್ಕಿದ ಮಾಲು ಹೀಗೆ ಪುಕ್ಕಟೆ ಹೋಯಿತು. ಯಂತ್ರ ಒಂದು ಅಕ್ಷರವೂ ತಪ್ಪು ಮಾಡಿರಲಿಲ್ಲ. “ಇವತ್ತು ಯಾರೂ ಬಂದಿಲ್ಲ, ಸವಾಲು ಸೋಮವಾರಕ್ಕೆ ಮುಂದ ಹಾಕ್ರಿ” ಅನ್ನುವ ಒಬ್ಬ ಮನುಷ್ಯ ಅಲ್ಲಿರಲಿಲ್ಲ.

ಅದಕ್ಕಿಂತ ಏಳು ತಿಂಗಳ ಮೊದಲು, 2019ರ ಆಗಸ್ಟಿನಲ್ಲಿ, ನವಿಲುತೀರ್ಥದಿಂದ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಕಡೆ ಮಲಪ್ರಭೆ ಹೊಲ-ಮನೆ ಒಳಗೆ ಹೊಕ್ಕಿದ್ದು ನಿಮಗೆ ನೆನಪಿದೆ. ಹೊಳಿದಂಡಿಯಲ್ಲಿ ಹೊಲ ಇದ್ದ ನಮ್ಮ ಸದಸ್ಯರ ಪೀಕು ಎಲ್ಲ ಹೋಯಿತು. ಆಗ ಮಂಡಳಿ ಒಂದೇ ದಿನ ಸಭೆ ಕೂಡಿಸಿ ಸಾಲದ ಗಡುವು ಮುಂದೆ ಹಾಕಿತು. ಅದು ಯಾವ ಯಂತ್ರಕ್ಕೂ ಬರೂದಿಲ್ಲ ಎಂದು ನಾವು ಹುಡುಗನ ಮುಂದೆ ಎದೆ ತಟ್ಟಿ ಹೇಳಿದೆವು. ಅವನು ಮೆಲ್ಲಕೆ ಕೇಳಿದ: “ಹೊಳಿದಂಡಿ ಹೊಲ ಇಲ್ಲದಾವರಿಗೂ ಮುಂದ ಹಾಕಿದ್ರೇನ ಕಾಕಾ?”

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಹಾಕಿದ್ದೆವು. ಆ ಠರಾವಿನ ಬಾಲದಲ್ಲಿ ಇನ್ನಷ್ಟು ಹೆಸರು ಸೇರಿದ್ದವು. ಎರೆಹೊಲ, ಗುಡ್ಡದ ಮಗ್ಗಲು, ಅಲ್ಲಿಗೆ ಹೊಳಿ ನೀರು ಬರಬೇಕಾದರೆ ಯಲ್ಲಮ್ಮನ ಗುಡ್ಡವೇ ಮುಳುಗಬೇಕು. ಅವುಗಳಲ್ಲಿ ಒಂದು ನಮ್ಮ ಸ್ವಂತ ಅಣ್ಣನ ಸಾಲ. ಸಹಿ ಮಾಡಿದವರಲ್ಲಿ ನಾವೂ ಒಬ್ಬರು. ಸರಪಳಿಯಾಗಿದ್ದರೆ ನಮ್ಮ ಅಣ್ಣ ಅಂತ ಅದಕ್ಕೆ ತಿಳಿಯುತ್ತಿರಲಿಲ್ಲ. ನೆರೆ ಬಂದವನಿಗೆ ಗಡುವು ಕೊಟ್ಟ ಕೈಯೇ ಅಣ್ಣನಿಗೂ ಕೊಟ್ಟಿತು. ತಂದೆಯವರ ಸಾಲು ಬ್ಲೇಡಿನಿಂದ ಕೆರೆದವನನ್ನು ನಾವು ಮೂವತ್ತು ವರ್ಷ ಬೈದುಕೊಂಡು ಬಂದಿದ್ದೇವೆ. ನಮ್ಮ ಕೈಯಲ್ಲಿ ಇದ್ದದ್ದು ಬರೇ ಪೆನ್ನು, ಆದರೂ ಆ ರಾತ್ರಿ ನಿದ್ದಿ ಬರಲಿಲ್ಲ.

ಹಾಗಾದರೆ ಮಂಡಳಿಯನ್ನು ತೆಗೆದು ಠರಾವಿಗೇ ಎಲ್ಲ ಬಿಟ್ಟುಬಿಡೋಣವೇ? ಅಲ್ಲಿಯೂ ಮತದಾನ ಉಂಟು, ಆದರೆ ಅದು ಟೋಕನ್ ಎಷ್ಟಿವೆಯೋ ಅಷ್ಟು ಮತ. ನಮ್ಮಲ್ಲಿ ಒಂದು ಶೇರಿನವನಿಗೂ ನೂರು ಶೇರಿನವನಿಗೂ ಒಂದೇ ಮತ. ಈ ವ್ಯತ್ಯಾಸ ಎಂಥದ್ದು ಎಂಬುದನ್ನು ಬೀನ್‌ಸ್ಟಾಕ್ ಎಂಬ ವ್ಯವಸ್ಥೆಯ ಕಥೆ ಹೇಳುತ್ತದೆ. ಅದೂ ಎಥೀರಿಯಂ ಮೇಲೆ ಕಟ್ಟಿದ್ದೇ. ಡಿಫೈಯಲ್ಲಿ ಒತ್ತೆ ಇಲ್ಲದ ಸಾಲವೂ ಒಂದು ಐತಿ, ಫ್ಲ್ಯಾಶ್ ಸಾಲ ಅಂತ. ಅದನ್ನು ಅದೇ ವ್ಯವಹಾರದೊಳಗೆ, ಅದೇ ಕ್ಷಣದಲ್ಲಿ ತಿರುಗಿ ಕೊಡಬೇಕು. ಕೊಡದಿದ್ದರೆ ಇಡೀ ವ್ಯವಹಾರ ನಡೆದೇ ಇಲ್ಲ ಎಂದು ರದ್ದಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಒಬ್ಬನು ‘ಸಂಘದ ಹಣವೆಲ್ಲ ನನ್ನ ಖಾತೆಗೆ ಬರಲಿ’ ಎಂಬ ಅರ್ಥದ ಠರಾವು ಮಂಡಿಸಿ, ಒಂದು ದಿನ ಸುಮ್ಮನೆ ಕಾದ. 17ನೇ ತಾರೀಖು ಸುಮಾರು 100 ಕೋಟಿ ಡಾಲರ್ ಫ್ಲ್ಯಾಶ್ ಸಾಲ ಎತ್ತಿದ, ಅದರಿಂದ ಮತ ಗಳಿಸಿದ, ಮೂರರಲ್ಲಿ ಎರಡು ಪಾಲು ಬಹುಮತದಿಂದ ಠರಾವು ಪಾಸು ಮಾಡಿದ, ಹಣ ಬಳಿದುಕೊಂಡ, ಸಾಲ ಮುಟ್ಟಿಸಿದ. ಎಲ್ಲ ಒಂದೇ ವ್ಯವಹಾರದಲ್ಲಿ. ವ್ಯವಸ್ಥೆಗೆ ಆದ ನಷ್ಟ ಸುಮಾರು 18 ಕೋಟಿ ಡಾಲರ್. ನಮ್ಮ ವಾರ್ಷಿಕ ಸಭೆಯಲ್ಲಿ ಕೋರಂಗೆ ಮಂದಿ ಕೂಡಿಸುವುದೇ ಒಂದು ಸರ್ಕಸ್ಸು ಎಂದು ಕಾರ್ಯದರ್ಶಿಗಳು ಗೊಣಗುತ್ತಾರೆ. ಈ ಕಥೆ ಕೇಳಿದ ಮೇಲೆ ಆ ಸರ್ಕಸ್ಸು ಚಲೋ ಅನ್ನಿಸಿತು. ರೊಕ್ಕ ಕಡ ತಂದು ಒಂದು ಮಧ್ಯಾಹ್ನದ ಮಟ್ಟಿಗೆ ನಿಮ್ಮೆಲ್ಲರ ಮತ ಕೊಂಡುಕೊಳ್ಳಲು ಯಾರಿಗೂ ಸಾಧ್ಯವಿಲ್ಲ. (ಸಂಘದ ಚುನಾವಣೆಯ ಹಿಂದಿನ ರಾತ್ರಿಯ ವಿಷಯ ಬ್ಯಾರೆ, ಅದನ್ನು ಇಲ್ಲಿ ಎತ್ತುವುದಿಲ್ಲ.)

ಮಂಡಳಿಯ ಸಭೆಯಲ್ಲಿ ಹುಡುಗನನ್ನೇ ಕರೆಸಿ ಮಾತಾಡಿಸಿದೆವು. ಒಬ್ಬ ಹಿರಿಯ ನಿರ್ದೇಶಕರು, “ನಮ್ಮ ಠೇವಣಿ ಅಲ್ಲಿ ಇಡಾಕ ಕಾಯ್ದೆ ಒಪ್ಪೂದಿಲ್ಲ, ಮುಗೀತು” ಎಂದು ಎದ್ದರು. ಅವರ ಮಾತು ಖರೆ. ಸಂಘದ ಹಣ ಎಲ್ಲೆಲ್ಲಿ ತೊಡಗಿಸಬಹುದು ಎಂದು 1959ರ ನಮ್ಮ ಸಹಕಾರ ಸಂಘಗಳ ಕಾಯ್ದೆಯೇ ಹೇಳುತ್ತದೆ, ಅದರಲ್ಲಿ ಇಂಥ ನಾಣ್ಯ ಇಲ್ಲ. 2022ರ ಏಪ್ರಿಲ್‌ನಿಂದ ಈ ನಾಣ್ಯಗಳ ಲಾಭಕ್ಕೆ ಶೇ. 30 ತೆರಿಗೆಯನ್ನೂ ಕೇಂದ್ರ ಸರಕಾರ ಹಾಕಿದೆ. ಹಣ ಹಾಕುವ ಮಾತು ಅಲ್ಲಿಗೆ ಬಿತ್ತು, ಬೀಳಬೇಕಾದದ್ದೇ. ಆದರೆ ಕಿರ್ದಿಯ ಮಾತು ಬೀಳಬಾರದು ಎಂದು ನಾವು ಹಟ ಹಿಡಿದೆವು.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದರ ಹೊಣೆ ಹೊತ್ತಿದೆ. ನಮಗೆ ಅದೇ ತಳಪಾಯ, ಎಥೀರಿಯಂ ಹುಡುಕಿಕೊಂಡು ಹೋಗುವ ಕಾರಣವಿಲ್ಲ. ಅದರ ಮೇಲೆ ನಾವು ಕಟ್ಟಬೇಕಾದ ಮಾಳಿಗೆ ಬಹಳ ಸಣ್ಣದು. ಹುಡುಗನೇ ಮಾಡಿಕೊಟ್ಟ, ಖರ್ಚಿಲ್ಲದ್ದು. ದಿನದ ವ್ಯವಹಾರ ಮುಗಿದ ಮೇಲೆ ಕಿರ್ದಿಯ ಆ ದಿನದ ಹಾಳೆಯಿಂದ 64 ಅಕ್ಷರದ ಗುರುತು ತೆಗೆಯುವುದು, ಹಿಂದಿನ ದಿನದ ಗುರುತನ್ನೂ ಸೇರಿಸಿ. ಅದನ್ನು ಬೇರೆ ಬೇರೆ ಓಣಿಯ 20 ಸದಸ್ಯರ ಮೊಬೈಲಿಗೆ ಕಳಿಸುವುದು. ಅವರು ಓದಬೇಕಾಗಿಲ್ಲ, ಅಳಿಸದೆ ಇಟ್ಟುಕೊಂಡರೆ ಸಾಕು. ಮುಂದೆ ಯಾರಾದರೂ ಹಳೆಯ ಹಾಳೆ ತಿದ್ದಿದರೆ ಆ 20 ಮಂದಿಯ ಮೊಬೈಲು ಸಾಕ್ಷಿ ಹೇಳುತ್ತವೆ. ಇದು ಪೂರಾ ಬ್ಲಾಕ್‌ಚೈನ್ ಅಲ್ಲ ಎಂದು ಹುಡುಗ ನಗುತ್ತಾನೆ. ಇರಲಿ, ನಮ್ಮ ತಂದೆಯವರ ಎತ್ತು ಉಳಿಸಲು ಇಷ್ಟು ಸಾಕಿತ್ತು.

ಗಡುವು ಮುಂದೆ ಹಾಕುವ ಅಧಿಕಾರ ಮಂಡಳಿಯ ಹತ್ತಿರವೇ ಇರುತ್ತದೆ. ಆದರೆ ಹಾಗೆ ಮುಂದೆ ಹಾಕಿದ ಪ್ರತಿ ಸಾಲಕ್ಕೂ ಕಾರಣ ಏನು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದೂ ಅದೇ ದಿನದ ಹಾಳೆಯಲ್ಲಿ ಬರಬೇಕೆಂದು ಠರಾವಾಗಿದೆ. ಎಲ್ಲರ ಹೆಸರು ಬೋರ್ಡಿಗೆ ಅಂಟಿಸೋಣವೆಂದು ಕೆಲವರು ಅಂದರು. ಅದಕ್ಕೆ ನಾವು ಒಪ್ಪಲಿಲ್ಲ. ಸರಪಳಿಯಲ್ಲಿ ಹೆಸರಿನ ಬದಲು ನಂಬರು ಇರುತ್ತದಂತೆ, ಯಾರಿಗೂ ತಿಳಿಯುವುದಿಲ್ಲವಂತೆ. ನಮ್ಮ ಊರಾಗ ಖಾತೆ ನಂಬರು ಅಂದರೂ ಯಾರ ಮನಿ ಅಂತ ಸಣ್ಣ ಹುಡುಗರಿಗೂ ಗೊತ್ತು. ಮಗಳ ಲಗ್ನ ಇಟ್ಟುಕೊಂಡವರ ಬಾಕಿ ಬೋರ್ಡಿನ ಮೇಲೆ ಹಾಕಿದರೆ ಸಂಬಂಧ ಮುರಿದು ಹೋಗಬಹುದು. ಬಹಳ ಹೊತ್ತು ವಾದ ಆಗಿ, ನಿರ್ದೇಶಕರ ಮತ್ತು ಅವರ ಹತ್ತಿರದ ಸಂಬಂಧಿಕರ ಸಾಲ ಮಾತ್ರ ಹೆಸರು ಸಹಿತ ಹಾಕುವುದು, ಉಳಿದವರದ್ದು ಬರೇ ಸಂಖ್ಯೆ ಮತ್ತು ಮೊತ್ತ ಎಂದು ಆಯಿತು. ಇಬ್ಬರು ನಿರ್ದೇಶಕರು ಇನ್ನೂ ನಮ್ಮ ಜೋಡಿ ಸರಿಯಾಗಿ ಮಾತಾಡುವುದಿಲ್ಲ. ಅವರೂ ಇಲ್ಲೇ ಮುಂದಿನ ಸಾಲಿನಲ್ಲಿ ಇದ್ದಾರೆ, ಊಟಕ್ಕೆ ಒಂದೇ ಪಂಕ್ತಿಗೆ ಕೂಡುತ್ತೇವೆ ಎಂದು ನಂಬಿದ್ದೇವೆ.

ಮೊದಲನೇ ಪಟ್ಟಿಯನ್ನು ನಿನ್ನೆ ಸಂಜೆ ಸಂಘದ ಬಾಗಿಲಿನ ಪಕ್ಕದ ಬೋರ್ಡಿಗೆ ಅಂಟಿಸಿದ್ದಾರೆ. 2019ರ ಠರಾವಿನಿಂದ ಹಿಡಿದು ಇದೆ. ಎರಡನೇ ಹೆಸರು ನಮ್ಮ ಅಣ್ಣನದು, ಸೂಚಿಸಿದವರು ಎಂಬ ಕಡೆ ನಮ್ಮ ಹೆಸರು. ಅಸಲು ಮುಟ್ಟಿದೆ, ಬಡ್ಡಿಯಲ್ಲಿ ಇನ್ನೂ ಸ್ವಲ್ಪ ಬಾಕಿ ಇದೆ. ಊಟ ಆದ ಮೇಲೆ ಹೋಗುವವರು ನೋಡಿಕೊಂಡು ಹೋಗಬಹುದು.